ಕೊರಗಿದ್ದಕ್ಕೆ ಗಡ್ಡೆ ಆಗಲಿಲ್ಲ, ಚಿಕ್ಕಮ್ಮ

"ಎಲ್ಲಾನೂ ಮನಸ್ಸಲ್ಲೇ ಇಟ್ಕೊಂಡು ಕೊರಗಿದ್ಲು ನೋಡಿ, ಅದೇ ಗಡ್ಡೆ ಆಗಿ ಕೂತ್ಬಿಟ್ಟಿದೆ."

ತಿಪಟೂರಿನ ಚಿಕ್ಕಮ್ಮನ ಮನೆಗೆ ಯೋಗಕ್ಷೇಮ ವಿಚಾರಿಸಲು ಬಂದ ಪಕ್ಕದ ಮನೆಯಾಕೆ ಕಾಫಿ ಕುಡಿಯುತ್ತಾ ಹೇಳಿದ ಮಾತಿದು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷಕ್ಕೆ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಆಪರೇಷನ್ ಮುಗಿದು ಕೀಮೋ ನಡೆಯುತ್ತಿತ್ತು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಅಂತ ಕೇಳುತ್ತಲೇ ಬೆಳೆದವರಲ್ಲವೇ ನಾವು?

ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ಚಿಕ್ಕಮ್ಮ ಕೇಳಿದರು: "ಪುಟ್ಟಿ, ನಾನು ಅಷ್ಟೊಂದು ಅಳಬಾರದಿತ್ತು ಅಲ್ವೇನೆ?"

ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಭಯವಾಗಿತ್ತು. ಎರಡು ವರ್ಷದಿಂದ ಆತಂಕಕ್ಕೆ ಮಾತ್ರೆ ತಗೋತಾ ಇದ್ದೀನಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಾತ್ರಿ ಹತ್ತರ ಕಾಲ್, ಡೆಡ್‌ಲೈನ್. ಕೊರಗು ಗಡ್ಡೆಯಾಗುವುದಾದರೆ ಮುಂದಿನ ಸರದಿ ನನ್ನದೇ ತಾನೇ?

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರನ್ನೇ ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ, ಚಿಕ್ಕಮ್ಮನ ಕಡೆ ತಿರುಗಿ ಹೇಳಿದರು: "ಅಮ್ಮ, ಅತ್ತಿದ್ದಕ್ಕೆ ಈ ಕಾಯಿಲೆ ಬರೋದಾಗಿದ್ರೆ ಊರಲ್ಲಿ ಯಾರೂ ಉಳೀತಿರ್ಲಿಲ್ಲ. ನೀವೇನೂ ತಪ್ಪು ಮಾಡಿಲ್ಲ."

ಸಮಾಧಾನಕ್ಕೆ ಹೇಳಿದರೇನೋ ಅಂದುಕೊಂಡು ಆಮೇಲೆ ಕೂತು ಓದಿದೆ. ಈ ನಂಬಿಕೆ ನಮ್ಮೂರಿನದು ಮಾತ್ರ ಅಲ್ಲ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಕೂಡ ವಿಷಾದ ಸ್ವಭಾವದ ಹೆಂಗಸರಿಗೆ ಸ್ತನದ ಗಡ್ಡೆ ಹೆಚ್ಚು ಅಂದಿದ್ದನಂತೆ. ಆದರೆ ಈಗ ಲೆಕ್ಕ ಹಾಕಿ ನೋಡಿದವರು ಬೇರೆಯೇ ಹೇಳುತ್ತಾರೆ. 2023ರಲ್ಲಿ 'ಕ್ಯಾನ್ಸರ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ನೆದರ್ಲೆಂಡ್ಸ್, ಬ್ರಿಟನ್, ನಾರ್ವೆ, ಕೆನಡಾದ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಖಿನ್ನತೆ, ಆತಂಕ ಇದ್ದವರಿಗೆ ಸ್ತನ, ಪ್ರಾಸ್ಟೇಟ್, ಕರುಳಿನ ಕ್ಯಾನ್ಸರ್ ಹೆಚ್ಚು ಬರುತ್ತದೆ ಅನ್ನುವುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಆಫೀಸಿನ ಒತ್ತಡದ್ದೂ ಇದೇ ಕಥೆ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಯೂರೋಪಿನ ಸುಮಾರು 1,16,000 ಜನರ ಲೆಕ್ಕ ಬಂದಿತ್ತು. ಕೆಲಸದ ಒತ್ತಡಕ್ಕೂ ಈ ಕ್ಯಾನ್ಸರ್‌ಗಳಿಗೂ ಅಲ್ಲೂ ನಂಟು ಕಾಣಲಿಲ್ಲ.

ಒಂದೇ ಒಂದು ಕಡೆ ವ್ಯತ್ಯಾಸ ಇತ್ತು. ಖಿನ್ನತೆ, ಆತಂಕ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮತ್ತು ಧೂಮಪಾನದಿಂದ ಬರುವ ಇತರ ಕ್ಯಾನ್ಸರ್‌ಗಳು ಶೇ. 6ರಷ್ಟು ಹೆಚ್ಚು. ಸಿಗರೇಟು ಮುಂತಾದ ಅಭ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸವೂ ಬಹಳ ಮಟ್ಟಿಗೆ ಕರಗಿತು.

ಅಂದರೆ ದುಃಖ ನೇರವಾಗಿ ಹೋಗಿ ಗಡ್ಡೆ ಆಗಲ್ಲ. ಅದು ನಮ್ಮ ಕೈಗೆ ಏನು ಕೊಡುತ್ತದೆ ಅನ್ನುವುದೇ ಮುಖ್ಯ. ನಮ್ಮ ಆಫೀಸಿನ ಎದುರಿನ ಟೀ ಅಂಗಡಿ ನೋಡಿ. ಮೀಟಿಂಗ್ ಕೆಟ್ಟರೆ ಒಂದು ಸಿಗರೇಟು, ರಿವ್ಯೂ ಕೆಟ್ಟರೆ ಎರಡು. ಊರಲ್ಲಾದರೆ ಗುಟ್ಕಾ. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ವಾರಾಂತ್ಯದ ಬಾಟಲಿಯೂ ಅದೇ ಪಟ್ಟಿಯಲ್ಲಿದೆ.

ಇನ್ನೊಂದು ದಾರಿಯೂ ಇದೆ. ಅದು ಗೊತ್ತಾಗಿದ್ದು ಚಿಕ್ಕಮ್ಮನಿಂದ. ಡಾಕ್ಟರ್ ಮಾತು ಕೇಳಿ ಅವರ ಎದೆ ಹಗುರಾಗಿತ್ತೇನೋ, ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಹೇಳಿದರು: "ಎಂಟು ತಿಂಗಳ ಮುಂಚೇನೇ ಕೈಗೆ ಸಿಕ್ಕಿತ್ತು ಕಣೇ ಗಂಟು. ಯಾರಿಗೋಸ್ಕರ ತೋರಿಸ್ಕೊಳ್ಳಲಿ ಅಂತ ಸುಮ್ನಾದೆ."

ಎಂಟು ತಿಂಗಳು! ಆ ಎಂಟು ತಿಂಗಳೂ ಪ್ರತಿ ಭಾನುವಾರ ನಾನು ಫೋನ್ ಮಾಡಿದ್ದೆ. "ಊಟ ಆಯ್ತಾ? ಮಳೆ ಬಂತಾ?" ಅಷ್ಟೇ. ನಿದ್ದೆ ಬರ್ತಿದ್ಯಾ, ಬೇಜಾರು ಜಾಸ್ತಿ ಆಗ್ತಿದ್ಯಾ ಅಂತ ಒಂದು ಸಲಾನೂ ಕೇಳಲಿಲ್ಲ. ನಾನೇ ಮಾತ್ರೆ ತಗೊಳ್ಳೋಳು, ನನಗಾದರೂ ಹೊಳೀಬೇಕಿತ್ತು.

ಗಡ್ಡೆ ಬಂದಿದ್ದು ಖಿನ್ನತೆಯಿಂದಲ್ಲ. ಆದರೆ ಅದನ್ನು ತೋರಿಸಿಕೊಳ್ಳಲು ತಡ ಮಾಡಿಸಿದ್ದು ಖಿನ್ನತೆಯೇ. ಇದನ್ನೂ ಚಿಕ್ಕಮ್ಮನ ತಪ್ಪು ಅಂತ ದಯವಿಟ್ಟು ಲೆಕ್ಕ ಹಾಕಬೇಡಿ. ಬದುಕೇ ಬೇಡ ಅನ್ನಿಸುವ ಕಾಯಿಲೆ ಇದ್ದವರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮನಸ್ಸು ಎಲ್ಲಿಂದ ಬರಬೇಕು? ಕೈ ಹಿಡಿದು ಕರೆದುಕೊಂಡು ಹೋಗಬೇಕಾದವರು ನಾವು.

ಹಾಗಾಗಿ ನನ್ನ ಮಾತ್ರೆ ನಿಲ್ಲಿಸಿಲ್ಲ. ಅದನ್ನು ನುಂಗುವಾಗ ಹೆದರಿಕೆಯೂ ಇಲ್ಲ. ನಿಮಗೂ ಮನಸ್ಸು ಭಾರ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗುವ ದಿನ ನೀವೂ ಮಾಡಿಸಿಕೊಂಡು ಬನ್ನಿ. ಮುಖ್ಯವಾಗಿ, ಕಾಯಿಲೆ ಬಿದ್ದವರ ಮುಂದೆ "ನೀನು ಜಾಸ್ತಿ ಯೋಚನೆ ಮಾಡ್ತಿದ್ದೆ, ಅದಕ್ಕೇ" ಅನ್ನಬೇಡಿ. ಮೊದಲೇ ನೊಂದವರ ಮೇಲೆ ಅದೊಂದು ಹೊರೆ.

ಚಿಕ್ಕಮ್ಮನ ಕೀಮೋ ಮುಗಿದಿದೆ, ಕೂದಲು ಬರುತ್ತಿದೆ. ಮನಸ್ಸಿಗೂ ಔಷಧಿ ಶುರುವಾಗಿದೆ. ಮೊನ್ನೆ ಪಕ್ಕದ ಮನೆಯಾಕೆ ಬಂದು "ಇನ್ಮೇಲೆ ಅಳಬೇಡಿ, ಮತ್ತೆ ಬರತ್ತೆ" ಅಂದರಂತೆ. ಚಿಕ್ಕಮ್ಮ ಹೇಳಿದರಂತೆ: "ಅಳು ಬಂದ್ರೆ ಅಳ್ತೀನಿ. ಗಂಟು ಸಿಕ್ಕಿದ್ರೆ ಮಾತ್ರ ಅವತ್ತೇ ತೋರಿಸ್ತೀನಿ. ನೀವೂ ಒಂದ್ಸಲ ತೋರಿಸ್ಕೊಳ್ಳಿ."