ಹೊಸ ಬಾಗಿಲಿಗೊಂದು ಪರೀಕ್ಷೆ

ಮಕ್ಕಳೇ, ಪರೀಕ್ಷೆ ಬರೆದು ಬರೆದು ನಿಮಗೆ ಸಾಕಾಗಿರಬೇಕು. ಈ ವಾರ ನೀವೇ ಮೇಷ್ಟ್ರು. ಮನೆ ರಿಪೇರಿಯಲ್ಲಿ ಹೊಸ ಬಾಗಿಲು, ಕಿಟಕಿ ಕೂರಿಸುತ್ತಿದ್ದರೆ ಅವು ಪಾಸೋ ಫೇಲೋ ಎಂದು ಹೇಳುವ ಕೆಲಸ ನಿಮ್ಮದು, ನಿಮ್ಮ ಅಜ್ಜ-ಅಜ್ಜಿಯದು. ಎಲ್ಲರೂ ಮೊದಲು ಬಣ್ಣ, ಪಾಲಿಶ್ ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಚೌಕಟ್ಟಿನ ಸುತ್ತ ಗಾರೆ ತುಂಬುವ ಮುಂಚೆ ಕಂಡ ತಪ್ಪನ್ನು ಸುಲಭವಾಗಿ ಸರಿಮಾಡಬಹುದು. ಆಮೇಲಾದರೆ ಗೋಡೆ ಒಡೆಯಬೇಕು!

ಬೇಕಾದದ್ದು ಇಷ್ಟೇ: ಅಳತೆಯ ಟೇಪು, ದಾರ, ಬೀಗದ ಕೈ, ಎರಡು ನಾಣ್ಯ, ಒಂದು ಲೋಟ ನೀರು.

ಚೌಕಟ್ಟಿನ ನಾಲ್ಕು ಬದಿಗಳ ಅಳತೆ ಸರಿಯಿದ್ದರೆ ಸಾಲದು. ಖಾಲಿ ಬೆಂಕಿಪೊಟ್ಟಣದ ಹೊರಕವಚವನ್ನು ಓರೆಯಾಗಿ ಒತ್ತಿ ನೋಡಿ. ಬದಿಗಳ ಉದ್ದ ಬದಲಾಗಲಿಲ್ಲ, ಆದರೂ ಅದು ಸೊಟ್ಟಗಾಯಿತು. ಅದಕ್ಕೇ ಮೂಲೆಯಿಂದ ಎದುರು ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಎರಡೂ ಸಮ ಇರಬೇಕು. ಒಳ ಅಳತೆ 3 ಅಡಿ ಅಗಲ, 4 ಅಡಿ ಎತ್ತರ ಇರುವ ಕಿಟಕಿಯಾದರೆ ಕರ್ಣ ಸರಿಯಾಗಿ 5 ಅಡಿ. ಯಾಕೆಂದು ಪೈಥಾಗೊರಸ್ ಪ್ರಮೇಯ ಓದಿದ ಅಕ್ಕನನ್ನೋ ಅಣ್ಣನನ್ನೋ ಕೇಳಿ.

ಇನ್ನು ದಾರದ ತುದಿಗೆ ಬೀಗದ ಕೈ ಕಟ್ಟಿ ಚೌಕಟ್ಟಿನ ಮೇಲಿನಿಂದ ಇಳಿಬಿಡಿ. ಅದು ತೂಗಾಡುವುದು ನಿಂತ ಮೇಲೆ, ದಾರಕ್ಕೂ ಚೌಕಟ್ಟಿಗೂ ಇರುವ ಅಂತರ ಮೇಲೂ ಕೆಳಗೂ ಒಂದೇ ಇರಬೇಕು. ಗಾರೆಯವರ ತೂಗುಗುಂಡು ಮಾಡುವ ಕೆಲಸವೂ ಇದೇ.

ಕದ ಕೂರಿಸಿದ ಮೇಲೆ ಫ್ಯಾನ್ ಆರಿಸಿ, ಅದನ್ನು ಅರ್ಧ ತೆರೆದು ಕೈಬಿಡಿ. ನಿಂತಲ್ಲೇ ನಿಂತರೆ ಪಾಸು. ತಾನಾಗಿ ಮುಚ್ಚಿಕೊಂಡರೆ ದೆವ್ವವಲ್ಲ. ಚೌಕಟ್ಟು ವಾಲಿದೆ, ಇಲ್ಲವೇ ಕೀಲುಗಳು ಒಂದೇ ನೇರದಲ್ಲಿಲ್ಲ.

ಸಂದೇ ಇಲ್ಲದಂತೆ ಬಿಗಿಯಾಗಿ ಕೂತ ಕದವನ್ನು ಕೆಲವರು ಮೆಚ್ಚುತ್ತಾರೆ. ನಾನು ಮೆಚ್ಚುವುದಿಲ್ಲ. ಮರ ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿದ್ದ ಬಾಗಿಲನ್ನು ಜುಲೈನಲ್ಲಿ ಭುಜ ಕೊಟ್ಟು ತಳ್ಳಬೇಕಾಗುತ್ತದೆ. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ಹಿಡಿದರೆ ಸುಮಾರು 3 ಮಿಲಿಮೀಟರ್. ಬದಿಗಳಲ್ಲೂ ತಲೆಯಲ್ಲೂ ಅಷ್ಟು ಸಂದು ಒಂದೇ ಸಮನೆ ಇರಲಿ. ಕದದ ತಲೆ ಮತ್ತು ಅಡಿಯ ಅಂಚಿಗೂ ವಾರ್ನಿಷ್ ಆಗಿದೆಯೇ ನೋಡಿ. ಕಾಣದ ಜಾಗವೆಂದು ಅದನ್ನು ಬಿಟ್ಟುಬಿಡುವುದುಂಟು. ತೇವ ನುಗ್ಗುವುದು ಅಲ್ಲಿಂದಲೇ.

ಕಿಟಕಿಯ ಹೊರಗಿನ ಅಡಿಗಟ್ಟೆಯ ಮೇಲೆ ಲೋಟದ ನೀರು ಸುರಿಯಿರಿ. ಅದು ಹೊರಕ್ಕೆ ಹರಿಯಬೇಕು. ಒಳಕ್ಕೆ ಬಂದರೆ ಮಳೆಯೂ ಬರುತ್ತದೆ. ಅಲ್ಯೂಮಿನಿಯಂ ಕಿಟಕಿಯಾದರೆ ಹಳಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಸಿಮೆಂಟು ಕಟ್ಟಿಕೊಂಡಿರಬಾರದು.

ತಪ್ಪು ಸಿಕ್ಕಿತೆಂದು ಕುಣಿದಾಡಬೇಡಿ. "ಆಚಾರ್ರೇ, ಇದನ್ನೊಮ್ಮೆ ಅಳೆದು ನೋಡ್ತೀರಾ?" ಎಂದು ಕೇಳಿ. ಒಳ್ಳೆಯ ಬಡಗಿಗೆ ಅಳೆದು ನೋಡುವ ಮಕ್ಕಳೆಂದರೆ ಇಷ್ಟವೇ.

ಕೊನೆಯ ಪ್ರಶ್ನೆಗೆ ಅಂಕ ಹೆಚ್ಚು. ಅದು ಬಚ್ಚಲುಮನೆಯ ಬಾಗಿಲು. ಕದ ಒಳಕ್ಕೆ ತೆರೆಯುವಂತಿದ್ದು, ಒಳಗೆ ಅಜ್ಜ ಜಾರಿಬಿದ್ದು ಕದಕ್ಕೆ ಅಡ್ಡವಾದರೆ ಹೊರಗಿನವರು ಹೇಗೆ ತೆರೆಯುತ್ತಾರೆ? ಜಾಗವಿದ್ದರೆ ಹೊರಕ್ಕೆ ತೆರೆಯುವ ಕದವೇ ಒಳ್ಳೆಯದು. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆರೆಯುವ ಚಿಲಕವೂ ಸಿಗುತ್ತದೆ. ಹೊಸ್ತಿಲು ಕಾಲಿಗೆ ಎಡವದಷ್ಟು ತಗ್ಗಾಗಿರಲಿ. ಅಜ್ಜಿ ಒಂದೇ ಕೈಯಲ್ಲಿ ಆ ಬಾಗಿಲು ಹಾಕಿ, ಚಿಲಕ ಹಾಕಿ, ಮತ್ತೆ ಸಲೀಸಾಗಿ ತೆಗೆದು ಹೊರಗೆ ಬರಲಿ. ಆಮೇಲೆ ನಿಮ್ಮ ಅಂಕಪಟ್ಟಿಗೆ ಸಹಿ ಹಾಕಿ.