ನೆಲ್ಲಿರಸಕ್ಕೆ ಬೆಂಜೋಯೇಟ್ ಏಕೆ?

ಮಲೆನಾಡಿನ ಗೃಹೋದ್ಯಮಗಳಲ್ಲಿ ತಯಾರಾಗುವ ನೆಲ್ಲಿ, ನಿಂಬೆ, ಮುರುಗಲು ರಸಗಳಿಗೆ ಪೇಟೆಯ ದಾರಿ ತೆರೆದಂತೆ ಬಿಳಿಯ ಪುಡಿಯೊಂದು ಅಡುಗೆಮನೆಯ ಕಪಾಟನ್ನು ಸೇರಿದೆ. ಸೋಡಿಯಂ ಬೆಂಜೋಯೇಟ್ ಎಂಬ ಈ ಸಂರಕ್ಷಕವನ್ನು ಕುರಿತು ಎರಡು ಮಾತುಗಳು ಕೇಳಿಬರುತ್ತವೆ. ಸರಕಾರ ಅನುಮತಿಸಿದೆ, ಚಿಂತೆಯಿಲ್ಲ ಎಂಬುದು ಒಂದು. ರಾಸಾಯನಿಕವಾದ್ದರಿಂದ ವಿಷವೇ ಸರಿ ಎಂಬುದು ಇನ್ನೊಂದು. ಎರಡೂ ಪೂರ್ಣ ಸತ್ಯವಲ್ಲ. ಪರಿಸರದ ಹೆಸರಿನಲ್ಲಿ ಎರಡನೆಯ ಮಾತನ್ನಾಡುವವರಂತೂ ಹೆಚ್ಚು ಎಚ್ಚರದಿಂದಿರಬೇಕು.

ಹುಳಿಯಾದ ಪದಾರ್ಥದಲ್ಲಿ ಈ ಪುಡಿ ಬೆಂಜೋಯಿಕ್ ಆಮ್ಲವಾಗಿ ಯೀಸ್ಟ್ ಮತ್ತು ಬೂಸ್ಟಿನ ಜೀವಕೋಶಗಳನ್ನು ಹೊಕ್ಕು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಇದೇ ಆಮ್ಲ ಕೆಲವು ಹಣ್ಣುಗಳಲ್ಲಿ ಸಹಜವಾಗಿಯೇ ಇದೆ. ದೇಹವನ್ನು ಸೇರಿದ ಅಲ್ಪ ಪ್ರಮಾಣವನ್ನು ಯಕೃತ್ತು ಹಿಪ್ಪುರಿಕ್ ಆಮ್ಲವಾಗಿಸಿ ಮೂತ್ರದೊಡನೆ ಹೊರಹಾಕುತ್ತದೆ.

ಆತಂಕವಿರುವುದು ಬೇರೆಡೆ. ಸಿ ಜೀವಸತ್ವದೊಡನೆ ಬೆರೆತು ಬಿಸಿಲು, ಸೆಕೆಗೆ ಸಿಕ್ಕಾಗ ಬೆಂಜೋಯೇಟಿನಿಂದ ಬೆಂಜೀನ್ ಉಂಟಾಗಬಲ್ಲದು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧಪಟ್ಟ ವಸ್ತು. ಅಮೆರಿಕದ ತಂಪು ಪಾನೀಯ ಕಂಪನಿಗಳಿಗೆ ಈ ಸಂಗತಿ 1990ರಲ್ಲೇ ತಿಳಿದಿತ್ತು. ಆದರೂ 2006ರ ಸುಮಾರಿಗೆ ನಡೆದ ಪರೀಕ್ಷೆಗಳಲ್ಲಿ ಕೆಲವು ಪಾನೀಯಗಳಲ್ಲಿ ಅದು ಅಲ್ಲಿನ ಕುಡಿಯುವ ನೀರಿನ ಮಿತಿಯನ್ನು ಮೀರಿತ್ತು. ಹದಿನೈದು ವರ್ಷಗಳ ಮೌನಕ್ಕೆ ಯಾರು ಹೊಣೆ? ಪತ್ತೆಯಾದದ್ದು ಶತಕೋಟಿಯಲ್ಲಿ ಕೆಲವೇ ಭಾಗ, ನಿಜ. ಆದರೆ ತಪ್ಪಿಸಬಹುದಾದುದನ್ನು ಉಳಿಸಿಕೊಳ್ಳಲು ಅದು ನೆಪವಾಗದು. ನೆಲ್ಲಿಯಾದರೋ ಸಿ ಜೀವಸತ್ವದ ಕಣಜ. ಅದಕ್ಕೇ ಬೆಂಜೋಯೇಟ್ ಬೆರೆಸಿ, ಅಂಗಡಿಯ ಮುಂದೆ ಬಿಸಿಲಿನಲ್ಲಿ ಸೀಸೆ ಜೋಡಿಸುವುದು ಅವಿವೇಕ.

ಇನ್ನು ಅಳತೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ದೇಹತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮಿತಿಯನ್ನು ಉಳಿಸಿಕೊಂಡಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರಲ್ಲಿ ಅದನ್ನು 20ಕ್ಕೆ ಏರಿಸಿತು. ತಜ್ಞರಲ್ಲೇ ಇಷ್ಟು ಅಂತರವಿರುವಾಗ ಕಡಿಮೆಯದನ್ನು ನಂಬುವುದೇ ಲೇಸು. ಆ ಲೆಕ್ಕದಲ್ಲಿ 20 ಕಿಲೋ ತೂಗುವ ಮಗುವಿಗೆ 100 ಮಿಲಿಗ್ರಾಂ. ಕಣ್ಣಂದಾಜಿನಲ್ಲಿ ಲೀಟರಿಗೆ 4 ಗ್ರಾಂ ಬಿದ್ದರೆ, 50 ಮಿಲಿಲೀಟರ್ ಗಟ್ಟಿರಸದ ಒಂದೇ ಲೋಟ ಪಾನಕ ಈ ಮಿತಿಯನ್ನು ದಾಟುತ್ತದೆ.

ಶಾಂಪೂ, ಕ್ರೀಮುಗಳಲ್ಲಿಯೂ ಬೆಂಜೋಯೇಟ್ ಇದೆ. ಅಲ್ಲಿಯ ಕಥೆಯೂ ಬೋಧಪ್ರದವೇ: ಪ್ಯಾರಾಬೆನ್ ಸಂರಕ್ಷಕಗಳ ಭಯದಿಂದ ಕಂಪನಿಗಳು ಮೀಥೈಲ್‌ಐಸೋಥಯಾಜೋಲಿನೋನಿನ ಮೊರೆಹೊಕ್ಕಾಗ ಚರ್ಮದ ಅಲರ್ಜಿ ಹರಡಿತು. ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಯುರೋಪು 2017ರಿಂದ ಅದನ್ನು ನಿಷೇಧಿಸಬೇಕಾಯಿತು.

ಉಪ್ಪು, ಸಕ್ಕರೆ, ಜೇನು, ಮಸಾಲೆಗಳನ್ನು ಭಾರತದ ಕಾನೂನೇ ಒಂದನೇ ವರ್ಗದ ಸಂರಕ್ಷಕಗಳೆಂದು ಗುರುತಿಸಿದೆ. ಉಪ್ಪಿನಲ್ಲಿಟ್ಟ ಅಪ್ಪೆಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಉಳಿಯುವುದು ಮಲೆನಾಡಿಗೆ ಹೊಸ ಸಂಗತಿಯಲ್ಲ. ನೆಲ್ಲಿ, ನಿಂಬೆರಸಗಳನ್ನು ಗಟ್ಟಿ ಸಕ್ಕರೆಪಾಕದಲ್ಲಿ ಬಿಸಿಯಾಗಿಯೇ ಸಣ್ಣ ಸೀಸೆಗೆ ತುಂಬಿ ಮಾರಬಹುದು. ಉಳಿದ ಪದಾರ್ಥಗಳಿಗೆ ಬೆಂಜೋಯೇಟ್ ಬೇಕೇಬೇಕೆನ್ನುವ ಸಂಘಗಳು ತಕ್ಕಡಿಯೊಂದನ್ನು ಕೊಳ್ಳಲಿ. 211 ಎಂಬ ಸಂಖ್ಯೆಯ ಜೊತೆಗೆ ಪುಡಿಯ ಹೆಸರನ್ನೂ ಲೀಟರಿಗೆ ಬೆರೆಸಿದ ತೂಕವನ್ನೂ ಸೀಸೆಯ ಮೇಲೆ ಕನ್ನಡದಲ್ಲಿಯೇ ಬರೆಯಲಿ.