ನೂರಮೂವತ್ತು ಡಾಲರಿನ ಮಹಾವೀರ

ಕಾಮಿಕ್ ಪುಸ್ತಕಗಳಿಂದ ಮಕ್ಕಳು ಕೆಡುತ್ತಾರೆಂಬ ಕೂಗು ಹಳೆಯದು. ಒಬ್ಬರು ಭೂತಪ್ರೇತಗಳ ಚಿತ್ರ ಕಂಡು ಬೆಚ್ಚುತ್ತಾರೆ. ಇನ್ನೊಬ್ಬರಿಗೆ, ಹಾರುವ ವೀರನನ್ನು ನೋಡಿ ಮಗ ಮಾಳಿಗೆಯಿಂದ ಹಾರಿಯಾನೆಂಬ ಅಂಜಿಕೆ. ಓದುವ ಚಟವಾದರೂ ಹತ್ತಲಿ ಬಿಡಿ ಎನ್ನುವವರೂ ಇದ್ದಾರೆ. ಎಲ್ಲರೂ ಪುಸ್ತಕದ ಪುಟಗಳನ್ನೇ ನೋಡುವವರು! ಅದನ್ನು ಮಾರಿದವನ ಗಲ್ಲಾಪೆಟ್ಟಿಗೆಯತ್ತ ಯಾರ ಕಣ್ಣೂ ಹೋಗುವುದಿಲ್ಲ.

ಈ ವ್ಯಾಪಾರ ಬೆಳೆದದ್ದು ಅಮೆರಿಕದಲ್ಲಿ. 1938ರಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು ತಾವು ಸೃಷ್ಟಿಸಿದ ಸೂಪರ್‌ಮ್ಯಾನನ ಸಮಸ್ತ ಹಕ್ಕನ್ನೂ ಪ್ರಕಾಶಕರಿಗೆ 130 ಡಾಲರಿಗೆ ಬರೆದುಕೊಟ್ಟರು. ಆರಂಭದಲ್ಲಿ ಆ ವೀರ ಯಾರ ಮೇಲೆ ಕೈಮಾಡುತ್ತಿದ್ದನೆಂಬುದನ್ನು ಶ್ರಮಜೀವಿಗಳು ತಿಳಿಯಬೇಕು. ಅದೇ ವರ್ಷದ ಒಂದು ಕಥೆಯಲ್ಲಿ ಗಣಿಯೊಂದು ಕುಸಿದು ಕೂಲಿಗಾರ ಗಾಯಗೊಳ್ಳುತ್ತಾನೆ. ಸೂಪರ್‌ಮ್ಯಾನ್ ಗಣಿಗಾರನ ವೇಷ ತೊಟ್ಟು, ಔತಣದಲ್ಲಿ ಮೈಮರೆತಿದ್ದ ಧಣಿಯನ್ನೂ ಅವನ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಕ್ಕಿಸುತ್ತಾನೆ. ಅಪಾಯದ ಗಂಟೆ ಕೆಟ್ಟಿರುವುದು ಧಣಿಗೆ ಆಗ ಗೊತ್ತಾಗುತ್ತದೆ! ಪುಸ್ತಕ ಲಕ್ಷಗಟ್ಟಲೆ ಮಾರತೊಡಗಿದ ಮೇಲೆ ವೀರನೂ ಸಾಧುವಾದ. ಗಣಿಯ ಧಣಿಗಳನ್ನು ಬಿಟ್ಟು ದರೋಡೆಕೋರರನ್ನೂ ಹುಚ್ಚು ವಿಜ್ಞಾನಿಗಳನ್ನೂ ಬೆನ್ನಟ್ಟಿದ.

ಇನ್ನು ಭೂತದ ಪುಸ್ತಕಗಳು. 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಇವುಗಳ ಮೇಲೆ ವಿಚಾರಣೆ ನಡೆಸಿತು. ಮನೋವೈದ್ಯ ಫ್ರೆಡ್ರಿಕ್ ವೆರ್ಥಮ್ ಇವು ಮಕ್ಕಳನ್ನು ಅಪರಾಧಕ್ಕೆ ತಳ್ಳುತ್ತವೆಂದು ಸಾಕ್ಷಿ ನುಡಿದರು. ಪ್ರಕಾಶಕ ವಿಲಿಯಂ ಗೇನ್ಸ್, ಕೊಡಲಿ ಹಿಡಿದವನ ಕೈಯಲ್ಲಿ ಹೆಣ್ಣಿನ ಕಡಿದ ತಲೆ ತೂಗುತ್ತಿದ್ದ ಮುಖಪುಟವನ್ನು ಸದಭಿರುಚಿಯದೇ ಎಂದು ಸಮರ್ಥಿಸಿದ. ಆ ಚಿತ್ರದ ಪರವಾಗಿ ವಕಾಲತ್ತು ವಹಿಸಲು ನಮಗೆ ಮನಸ್ಸಿಲ್ಲ. ಕಾಮಿಕ್ ವಿರೋಧಿಗಳೇ ಕಮ್ಯುನಿಸ್ಟರೆಂದು ಜಾಹೀರಾತು ಹಾಕಿದವನೂ ಇವನೇ. ಬ್ರಿಟನ್ನಿನಲ್ಲಿ ಕಮ್ಯುನಿಸ್ಟ್ ಮಿತ್ರರು ಪಾದ್ರಿಗಳ, ಶಿಕ್ಷಕರ ಜತೆ ನಿಂತು ಈ ಪುಸ್ತಕಗಳ ವಿರುದ್ಧ ಚಳವಳಿ ಮಾಡಿದ್ದು ನಿಜ. 1955ರಲ್ಲಿ ಅಲ್ಲಿ ನಿಷೇಧದ ಕಾನೂನೂ ಬಂತು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬರಲಿಲ್ಲ. ಪ್ರಕಾಶಕರೇ ಕೂಡಿ ಒಂದು ಸಂಹಿತೆ ಮಾಡಿಕೊಂಡರು. ಭೂತಪ್ರೇತಗಳಿಗೆ ಬಾಗಿಲು ಮುಚ್ಚಿತು, ಸರಿ. ಆದರೆ ಪೊಲೀಸರು, ನ್ಯಾಯಾಧೀಶರು, ಸರಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಏನನ್ನೂ ಚಿತ್ರಿಸಕೂಡದೆಂಬ ನಿಯಮ ಅದರೊಳಗೆ ಹೇಗೆ ನುಸುಳಿತು? ಲಂಚಕೋರ ಪೊಲೀಸನ ಚಿತ್ರ ನೋಡಿದರೆ ಮಗು ರಾತ್ರಿ ಕಿಟಾರನೆ ಕಿರುಚುತ್ತದೆಯೇ? ಮಕ್ಕಳ ಹೆಸರಿನಲ್ಲಿ ಕಾಪಾಡಿದ್ದು ಯಾರ ಮಾನವನ್ನು?

ಸಂಹಿತೆಯ ಮುದ್ರೆಯಿಲ್ಲದ ಪುಸ್ತಕದ ಕಟ್ಟುಗಳನ್ನು ಸಗಟು ವ್ಯಾಪಾರಿಗಳು ಬಿಚ್ಚದೆಯೇ ಹಿಂದಕ್ಕಟ್ಟಿದರು. ಒಂದೆರಡು ವರ್ಷಗಳಲ್ಲಿ ಗೇನ್ಸ್ ಕಾಮಿಕ್ ಪುಸ್ತಕಗಳನ್ನೇ ನಿಲ್ಲಿಸಿದ, ಹಾಸ್ಯಪತ್ರಿಕೆಯೊಂದೇ ಉಳಿಯಿತು. ದೊಡ್ಡ ಪ್ರಕಾಶಕರಿಗೆ ಒಬ್ಬ ಪ್ರತಿಸ್ಪರ್ಧಿ ಕಡಿಮೆಯಾದ. ಚಿಕ್ಕ ಅಂಗಡಿಯವರಿಗೆ ಈ ಆಟವನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟಕ್ಕೆಲ್ಲ ಆಧಾರವೆನಿಸಿದ ವೆರ್ಥಮ್ಮರ ಬರಹದಲ್ಲಿ ಮಕ್ಕಳ ಹೇಳಿಕೆಗಳನ್ನು ತಿದ್ದಿ ತಿರುಚಲಾಗಿತ್ತೆಂದು ಸಂಶೋಧಕಿ ಕ್ಯಾರೊಲ್ ಟಿಲ್ಲಿ ಅವರ ಕಾಗದಪತ್ರಗಳಿಂದಲೇ 2012ರಲ್ಲಿ ತೋರಿಸಿದರು. ಅಷ್ಟರಲ್ಲಿ ಸಂಹಿತೆಯೇ ಸತ್ತುಹೋಗಿತ್ತು.

ಸೀಗಲ್, ಶುಸ್ಟರ್ ಏನಾದರು? ಹಕ್ಕು ಕೇಳಿ 1947ರಲ್ಲಿ ನ್ಯಾಯಾಲಯಕ್ಕೆ ಹೋದರು. ಕೆಲಸವೂ ಹೋಯಿತು, ಪುಸ್ತಕದ ಮೇಲಿನ ಹೆಸರೂ ಹೋಯಿತು. ಶುಸ್ಟರನ ದೃಷ್ಟಿ ಮಂದವಾಯಿತು. ಸೀಗಲ್ ಗುಮಾಸ್ತನಾದ. ಸೂಪರ್‌ಮ್ಯಾನ್ ಚಲನಚಿತ್ರದ ಸಿದ್ಧತೆ ನಡೆದಿದ್ದಾಗ ಇಬ್ಬರ ಸ್ಥಿತಿ ಪತ್ರಿಕೆಗಳಲ್ಲಿ ಬಯಲಾಗಿ, ಇತರ ಚಿತ್ರಕಾರರು ಬೆಂಬಲಕ್ಕೆ ನಿಂತ ಮೇಲೆ, 1975ರಲ್ಲಿ ಕಂಪನಿ ತಲಾ 20,000 ಡಾಲರ್ ವಾರ್ಷಿಕ ವೇತನಕ್ಕೆ ಒಪ್ಪಿತು, ಹೆಸರನ್ನೂ ಮರಳಿಸಿತು. ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡರು. ಅವರಿಗೆ ಆ 130 ಡಾಲರ್ ಕೊಟ್ಟ ಹಳೆಯ ಚೆಕ್ಕಿನ ಚೀಟಿ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು.